ಬ್ಯಾಂಕಿನವರ ಗೋಡೆ

ನಮ್ಮ ಬೀದಿಯ ದರ್ಜಿಗೆ ಸ್ವಂತ ಮನೆಯ ವಿಚಾರದಲ್ಲಿ ಗೊತ್ತಿದ್ದದ್ದೆಲ್ಲ ತಪ್ಪೇ. ಪೂರ್ತಿ ಹಣ ಕೈಯಲ್ಲಿರಬೇಕೆಂದು ಹದಿನೆಂಟು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದ; ಸಂಬಳದ ಚೀಟಿ ಇಲ್ಲದವನಿಗೆ ಸಾಲ ಹುಟ್ಟುವುದಿಲ್ಲವೆಂದು ಹೆಂಡತಿಗೇ ಪಾಠ ಹೇಳಿದ. ಅವಳು ಕೇಳಲಿಲ್ಲ, ಬ್ಯಾಂಕಿಗೆ ಎಳೆದೊಯ್ದಳು, ಸಾಲವೂ ಸಿಕ್ಕಿತು, ಎರಡು ಕೋಣೆಯ ಮನೆಯೂ ಆಯಿತು. ಆದರೆ ಕೊನೆಯ ಕಂತಿನ ತನಕ ಮನೆ ಬ್ಯಾಂಕಿನದೇ ಎಂಬುದು ಅವನ ಗಟ್ಟಿ ನಂಬಿಕೆ. ನಲ್ಲಿಯನ್ನು ಮೆಲ್ಲಗೆ ತಿರುಗಿಸುತ್ತಾನೆ, ಬಾಗಿಲನ್ನು ಸದ್ದಾಗದಂತೆ ಮುಚ್ಚುತ್ತಾನೆ, ಬಂದವರು ಗೋಡೆಗೆ ಒರಗಿದರೆ "ಎಣ್ಣೆ ತಲೆ ತಾಗಿಸ್ಬೇಡಿ, ಬ್ಯಾಂಕಿನವ್ರು ಬೈತಾರೆ" ಎನ್ನುತ್ತಾನೆ. ಬಾಡಿಗೆ ಮನೆಗಳಲ್ಲಿದ್ದಂತೆ ಮದುವೆ ಫೋಟೊ ಇಲ್ಲೂ ಹೊಲಿಗೆ ಮೆಷಿನ್ನಿಗೇ ಒರಗಿತ್ತು. ಬ್ಯಾಂಕಿಗೆ ಹೋದಾಗಲೆಲ್ಲ ಸಾಲದ ಮೇಡಂ ಮುಂದೆ ಕೈಕಟ್ಟಿ ನಿಂತು, "ಒಂದೇ ಒಂದು ಮೊಳೆ ಹೊಡ್ಕೊಳ್ಳಲಾ ಮೇಡಂ?" ಎಂದು ಕೇಳುತ್ತಿದ್ದ. "ಮನೆ ನಿಮ್ದೇ ಕಣ್ರೀ, ನಮ್ಮ ಹತ್ರ ಅಡ ಇಟ್ಟಿದೀರಿ ಅಷ್ಟೆ. ನೂರು ಹೊಡೀರಿ" ಎಂದು ಆಕೆ ನಗುತ್ತಿದ್ದರು. ಮೊನ್ನೆ ಕೊನೆಗೂ ಸ್ಟೂಲು ಹತ್ತಿದ. ಫೋಟೊ ಹಿಡಿದು ನಿಂತ ಹೆಂಡತಿ ನೋಡುತ್ತಾಳೆ, ಸುತ್ತಿಗೆಗೆ ಬಟ್ಟೆ ಸುತ್ತಿದ್ದಾನೆ. "ಯಾರಿಗೆ ಕೇಳಿಸ್ಬಾರ್ದು ಅಂತ ರೀ?" ಎಂದಳು. ಅವನು ಸುತ್ತಿಗೆಯ ಬಟ್ಟೆ ಬಿಚ್ಚಿ, ಅದರಲ್ಲೇ ಮುಖ ಒರೆಸಿಕೊಂಡು, ಇಡೀ ಬೀದಿಗೆ ಕೇಳುವಂತೆ ಹೊಡೆದ. ಮೊಳೆ ತಲೆಯ ಸಮೇತ ಗೋಡೆಯೊಳಗೆ ಇಳಿದುಹೋಯಿತು. "ಇನ್ನೊಂದು ಕೊಡು" ಎಂದ.