ಗಾಜಿನ ಪೆಟ್ಟಿಗೆಯೊಳಗಿನ ಸೇವಂತಿಗೆ

ದಸರೆಗೆ ನನ್ನೂರು ವಿಜಯಪುರಕ್ಕೆ ಹೋಗಿ ನಂಜನಗೂಡಿಗೆ ಮರಳಿದ ದಿನ, ನನ್ನ ಗಾಜಿನ ಪೆಟ್ಟಿಗೆಯೊಳಗೆ ಒಂದು ಹಳದಿ ಸೇವಂತಿಗೆ ಇತ್ತು. ಪಕ್ಕದಲ್ಲಿ ಕುಂಕುಮ ಸವರಿದ ನಿಂಬೆಯ ಹೋಳು.

ಆ ಪೆಟ್ಟಿಗೆ ಎಂಥದೆಂದು ಮೊದಲು ಹೇಳಬೇಕು. ನಂಜನಗೂಡಿನ ಪಕ್ಕದ ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಹೈಡ್ರೋಜನ್ ಅನಿಲವನ್ನು ಹೀರಿಟ್ಟುಕೊಂಡು, ಬಿಸಿ ಮಾಡಿದಾಗ ಬಿಟ್ಟುಕೊಡುವ ಲೋಹದ ಪುಡಿಯೊಂದನ್ನು ಪಿಎಚ್‌ಡಿಗಾಗಿ ತಯಾರಿಸಿದ್ದೆ. ನಾನು ನೋಡದ ದೇಶಗಳ ಸಂಶೋಧಕರು ಆ ಕೆಲಸವನ್ನು ತಮ್ಮ ಬರಹಗಳಲ್ಲಿ ಉಲ್ಲೇಖಿಸುತ್ತಾರೆ. ಅದು ಅಷ್ಟು ದೂರ ಹೋಗಿದೆ; ನಾನು ಮಾತ್ರ ಈ ಪೆಟ್ಟಿಗೆಯ ಮುಂದೆ ನಿಂತಿದ್ದೇನೆ. ಪುಡಿಗೆ ನೀರಿನ ಪಸೆ ತಾಗಬಾರದು. ಹಾಗಾಗಿ ಒಳಗೆ ಗಾಳಿಯ ಬದಲು ಒಣ ಆರ್ಗಾನ್ ಅನಿಲ. ಏನನ್ನಾದರೂ ಒಳಗಿಡಬೇಕಾದರೆ ಪಕ್ಕದ ಸಣ್ಣ ಗೂಡಿನಲ್ಲಿಟ್ಟು, ಅಲ್ಲಿನ ಗಾಳಿಯನ್ನು ಮೂರು ಸಲ ಹೊರಗೆಳೆದು, ಆಮೇಲೆ ಒಳಬಾಗಿಲು ತೆಗೆಯಬೇಕು. ಗಾಜಿಗೆ ಜೋಡಿಸಿದ ರಬ್ಬರ್ ಕೈಗವಸುಗಳಲ್ಲಿ ಭುಜದವರೆಗೆ ತೋಳು ತೂರಿಸಿ ನಿಲ್ಲಬೇಕು. ಮೂಗು ತುರಿಸಿದರೂ ಕೈ ಸಿಗುವುದಿಲ್ಲ.

ಎಷ್ಟು ಸಲ ಹೀರಿ ಬಿಟ್ಟರೂ ಪುಡಿ ಸೋಲುವುದಿಲ್ಲವೆಂದು ತೋರಿಸುವ ಪರೀಕ್ಷೆ ಮುಗಿಯುವವರೆಗೆ ಇಲ್ಲಿರುತ್ತೇನೆಂದು ಬರೆದುಕೊಟ್ಟಿದ್ದೇನೆ. ಅಲ್ಲಿಯವರೆಗೆ ನನ್ನ ಮೂಲ ಅಂಕಪಟ್ಟಿಗಳು ಕಚೇರಿಯ ಬೀರುವಿನಲ್ಲಿ. ಡಿಸೆಂಬರಿನಲ್ಲಿ ವಿಜಯಪುರದ ಕಾಲೇಜೊಂದಕ್ಕೆ ಅಧ್ಯಾಪಕಿಯಾಗಿ ಸೇರಲು ಅವು ಬೇಕಿದ್ದವು. ಪರೀಕ್ಷೆಗೆ ಉಳಿದಿದ್ದದ್ದು ಆರು ವಾರ.

ನಮ್ಮಲ್ಲಿ ಒಣಗಾಳಿ, ಜೋಳದ ಗರಿಗರಿ ಕಟಕ್ ರೊಟ್ಟಿ ತಿಂಗಳಾದರೂ ಕೆಡದು. ಇಲ್ಲಿ ಕಪಿಲಾ ಹೊಳೆಯ ಸಮೀಪದ ನನ್ನ ಬಾಡಿಗೆ ಕೋಣೆಯಲ್ಲಿ ಅದು ನಾಲ್ಕು ದಿನಕ್ಕೆ ಮೆತ್ತಗಾಗುತ್ತದೆ. ಸಂಜೆ ಏಳು ಗಂಟೆಗೆ ಮನೆ ಮಾಲೀಕರು ಗೇಟಿಗೆ ಬೀಗ ಹಾಕುತ್ತಾರೆ. ಇಲ್ಲಿನ ಊಟ ಕಲಿಸಿದವರು ಪ್ರಯೋಗಾಲಯದ ಸಹಾಯಕಿ ಮಹದೇವಮ್ಮ (ಹೆಸರು ಬದಲಿಸಿದ್ದೇನೆ). ಟಿ. ನರಸೀಪುರದ ಆಚೆಯ ಮೂಗೂರಿನಿಂದ ದಿನವೂ ಎರಡು ಬಸ್ಸು ಹಿಡಿದು ಬರುವವರು. ಕಾಳು, ಸೊಪ್ಪು ಬೆಂದ ನೀರಿನ ತಿಳಿಸಾರಿಗೆ ಇಲ್ಲಿ ಉಪ್ಸಾರು ಎನ್ನುತ್ತಾರೆ. ಅದರಲ್ಲಿ ಅದ್ದಿದ ಮುದ್ದೆಯನ್ನು ನಾನು ಅಗಿಯುವುದನ್ನು ನೋಡಿ ಅವರು, "ಅಗೀಬ್ಯಾಡಿ ಕಣವ್ವಾ, ನುಂಗಿ. ಅದೇನು ಚೂಯಿಂಗ್ ಗಮ್ಮಾ?" ಎಂದಿದ್ದರು.

ಹೂವಿಟ್ಟವರೂ ಅವರೇ.

"ಆಯುಧಪೂಜೆ ಅಲ್ವೇನವ್ವಾ? ಲಾರಿಗೆ, ಮಿಶಿನ್‌ಗೆ ಎಲ್ಲಕ್ಕೂ ಊವ ಮುಡುಸುದ್ರು. ನಿಮ್ ಪೆಟ್ಗೆ ಒಂದು ಬರೀ ಅಣೇಲಿ ನಿಂತಿತ್ತು."

"ಒಳಗೆ ಹೇಗೆ ಇಟ್ಟಿರಿ?"

"ನೀವೇ ಯೋಳ್ಕೊಟ್ಟಂಗೆ. ಪಕ್ಕದ್ ಗೂಡ್ನಲ್ಲಿ ಮಡಗ್ದೆ, ಮೂರ್ ಸಲ ಗಾಳಿ ಎಳುಸ್ದೆ, ಆಮೇಕೆ ಒಳಗಡೆ ಬಾಗ್ಲು ತಗುದೆ. ಒಂದೂ ತಪ್ಸಿಲ್ಲ."

ತಪ್ಪಿಸಿರಲಿಲ್ಲ, ನಿಜ. ಹೂವಿನೊಳಗೆ ನೀರಿರುತ್ತದೆ, ನಿಂಬೆಯಲ್ಲಿ ಇನ್ನೂ ಹೆಚ್ಚು ಎಂದು ನಾನು ಹೇಳಿಕೊಟ್ಟಿರಲಿಲ್ಲ. ರೈಲಿನ ಅವಸರದಲ್ಲಿ ಪುಡಿಯ ಬಟ್ಟಲು ಮುಚ್ಚದೆ, ಗೂಡಿಗೆ ಬೀಗ ಹಾಕದೆ ಹೋದವಳೂ ನಾನೇ. ಹೊಳೆಯುತ್ತಿದ್ದ ಪುಡಿ ಮಂಕಾಗಿತ್ತು. ಪರೀಕ್ಷೆ ಮೊದಲಿನಿಂದ ಆಗಬೇಕು.

"ಬೇರೆಯವರ ತಪ್ಪು ಅಂತಾದ್ರೆ ನಿಮ್ಮನ್ನ ಡಿಸೆಂಬರ್‌ಗೇ ಬಿಡೋಕೆ ಮೇಲಿನವರನ್ನ ಕೇಳ್ತೀನಿ," ಎಂದರು ಮ್ಯಾನೇಜರು. ಮಹದೇವಮ್ಮನದು ಗುತ್ತಿಗೆ ಕೆಲಸ. ಅವರ ಹೆಸರು ಬರೆದರೆ ಮರುದಿನದಿಂದ ಅವರು ಬಸ್ಸು ಹಿಡಿಯಬೇಕಿಲ್ಲ. ಪುಡಿ ಕೆಟ್ಟದ್ದು ಹೇಗೆಂದು ನಾನು ಬರೆದುಕೊಡಬೇಕಿದ್ದ ವರದಿಯ ಹಾಳೆಯನ್ನು ಒಂದು ದಿನ ಚೀಲದಲ್ಲಿಟ್ಟುಕೊಂಡು ತಿರುಗಿದೆ. ಆಮೇಲೆ ಬರೆದೆ: 'ಬಟ್ಟಲು ಮುಚ್ಚಿರಲಿಲ್ಲ, ಬೀಗ ಹಾಕಿರಲಿಲ್ಲ. ಹೊಣೆ ನನ್ನದು.' ಅದರಲ್ಲಿ ಸುಳ್ಳಿಲ್ಲ. ಪೂರ್ತಿ ನಿಜವೂ ಇಲ್ಲ.

ಅವ್ವ ಫೋನಿನಲ್ಲಿ ಕೇಳಿದಳು, "ಡಿಸೆಂಬರಿಗೆ ಬರ್ತಿಯಲ್ಲ?"

"ಆಗೂದಿಲ್ಲಬೇ. ಮತ್ತ ಮೊದಲಿಂದ ಮಾಡಬೇಕಾಗೇದ."

"ಅಲ್ಲೇ ಕಟ್ಟಿ ಹಾಕ್ಯಾರೇನ ನಿನ್ನ?"

ಯಾರೂ ಕಟ್ಟಿ ಹಾಕಿಲ್ಲ ಎಂದೆ. ಸಹಿ ಮಾಡಿದ ಕೈ ನನ್ನದೇ ಎಂದು ಹೇಳಲಿಲ್ಲ.

ಊರಿನಿಂದ ತಂದ ಬನ್ನಿ ಎಲೆಯನ್ನು ಮಹದೇವಮ್ಮನಿಗೆ ಕೊಡುವುದು ಅಷ್ಟರಲ್ಲಿ ವಾರ ತಡವಾಗಿತ್ತು. ದಸರೆಗೆ ನಮ್ಮಲ್ಲಿ ಇದನ್ನು ಬಂಗಾರ ಎಂದು ಹಂಚಿಕೊಳ್ಳುತ್ತೇವೆ, ಬಂಗಾರದ ಹಾಗೆ ಇರೋಣ ಎನ್ನುತ್ತೇವೆ, ಎಂದು ವಿವರಿಸಿದೆ. ಅವರು ಎಲೆಯನ್ನು ತಿರುಗಿಸಿ ನೋಡಿದರು. ಪೆಟ್ಟಿಗೆಯತ್ತ ಒಮ್ಮೆ ಕಣ್ಣು ಹಾಯಿಸಿ, "ಇದ್ನ ಒಳೀಕೆ ಮಡಗಂಗಿಲ್ಲ ಅಲ್ವಾ?" ಎಂದರು.

"ಬೇಡ."

ತುರುಬಿಗೆ ಸಿಕ್ಕಿಸಿಕೊಂಡು ಟಿ. ನರಸೀಪುರದ ಬಸ್ಸಿಗೆ ಹೊರಟರು.

ನಾನು ಕೈಗವಸುಗಳಲ್ಲಿ ತೋಳು ತೂರಿಸಿದೆ. ನಿಂಬೆಯನ್ನು ಊರಿನಿಂದ ಮರಳಿದ ದಿನವೇ ತೆಗೆದಿದ್ದೆ. ಸೇವಂತಿಗೆಯನ್ನು ಸಣ್ಣ ಗಾಜಿನ ಸೀಸೆಗೆ ಹಾಕಿ, ಮುಚ್ಚಳ ಬಿಗಿದು, ಪೆಟ್ಟಿಗೆಯ ಮೂಲೆಯಲ್ಲೇ ಇಟ್ಟಿದ್ದೇನೆ. ಒಣ ಅನಿಲದಲ್ಲೇ ಇದ್ದು ಅದರಲ್ಲಿ ಈಗ ನೀರಿಲ್ಲ. ಬಣ್ಣ ಹಾಗೇ ಇದೆ, ಉದುರುವುದೂ ಇಲ್ಲ. ಹೊಸ ಪುಡಿಯನ್ನು ತೂಗಿ, ಈ ಸಲ ಬಟ್ಟಲಿಗೆ ಮುಚ್ಚಳ ಹಾಕಿದೆ.