ಭೇಷ್ ಸಾರ್ ಮೆಚ್ಚಿದ ಪರದೆ

ಹೊಗಳುವವರನ್ನು ಕಂಡರೆ ಅತ್ತಿಗೆಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು ಪರದೆ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು. ಮನೆಯಲ್ಲಿ ಗಂಡನ ತಂಗಿ ಕರೆಯುತ್ತಿದ್ದ ಹಾಗೆ ಕಾರ್ಖಾನೆಯಲ್ಲೂ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರ ‘ಹುಳಿಯಮ್ಮ’. ಅದು ಅವಳ ಕಿವಿಗೂ ಬಿದ್ದಿತ್ತು. ಬಿದ್ದಾಗ ಒಳಗೊಳಗೇ ಹಿಗ್ಗಿದ್ದಳು.

ಹೊಗಳಿಕೆ ಎಂದರೇನು ಎನ್ನುವುದನ್ನು ಅವಳು ಮದುವೆಯಾದ ಹೊಸತರಲ್ಲೇ ಕಲಿತಿದ್ದಳು. ಬಂದ ನೆಂಟರ ಮುಂದೆಲ್ಲ ಅತ್ತೆ ‘ನನ್ನ ಸೊಸೆ ಬಂಗಾರ’ ಎನ್ನುತ್ತಿದ್ದರು. ನೆಂಟರು ಹೊರಟ ಮೇಲೆ ರಾಶಿ ಪಾತ್ರೆ ಬಂಗಾರದ ಪಾಲಿಗೆ ಬರುತ್ತಿತ್ತು. ಅತ್ತೆಯ ಸ್ವಂತ ಮಗಳಿಗೆ ಆ ಬಿರುದೂ ಇರಲಿಲ್ಲ, ಪಾತ್ರೆಯೂ ಇರಲಿಲ್ಲ. ಒಳ್ಳೆಯ ಮಾತು ಎಂದರೆ ಮುಂದಿನ ಚಾಕರಿಗೆ ಕೊಡುವ ಮುಂಗಡ ಎಂದು ಅತ್ತಿಗೆ ಅಂದೇ ತೀರ್ಮಾನಿಸಿದಳು. ಆಮೇಲೆ ಯಾರು ಪಾಸಾಗಲಿ, ಯಾರು ಹೆರಲಿ, ಯಾರು ಮನೆ ಕಟ್ಟಲಿ, ‘ಅಭಿನಂದನೆ’ ಎಂದು ಹಲ್ಲು ಕಿರಿಯುವ ಗೋಜಿಗೇ ಹೋಗಲಿಲ್ಲ.

ಇಂಥವಳ ಕೊರಳಿಗೆ ಭೇಷ್ ಸಾರ್ ಎಂಬ ಸೂಪರ್‌ವೈಸರ್ ಗಂಟುಬಿದ್ದಿದ್ದ. ಬಾಗಿಲು ತೆಗೆದವನಿಗೆ ಭೇಷ್, ಸೂಜಿಗೆ ದಾರ ಪೋಣಿಸಿದವಳಿಗೆ ಭೇಷ್, ಒಮ್ಮೆ ಯಾರೋ ಜೋರಾಗಿ ಸೀನಿದ್ದಕ್ಕೂ ಭೇಷ್ ಅಂದಿದ್ದ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಯಾವ ಬಟ್ಟೆಯನ್ನೂ ಮುಟ್ಟಿ ನೋಡದೆ, ಮಷೀನುಗಳ ಸಾಲಿನಲ್ಲಿ ಬೆಣ್ಣೆ ಹಚ್ಚುತ್ತಾ ಹೋಗುವುದೇ ಅವನ ಉದ್ಯೋಗ. ಪ್ರತಿ ಶನಿವಾರ ಒಬ್ಬಳನ್ನು ‘ವಾರದ ಕೈ’ ಎಂದು ಸಾರಿ, ಹೆಗಲಿಗೆ ಬಟ್ಟೆಯ ಹೂವೊಂದನ್ನು ಪಿನ್ ಮಾಡುತ್ತಿದ್ದ. ಹೂವು ಮಾಡುತ್ತಿದ್ದದ್ದು ಅತ್ತಿಗೆಯ ಮೇಜಿನ ಕೆಳಗಿನ ಚಿಂದಿಯಿಂದ! ಕಸಕ್ಕೆ ಹೋಗಬೇಕಾದದ್ದನ್ನು ಹೆಗಲಿಗೇರಿಸಿಕೊಂಡು ಹೆಂಗಸರು ಇಡೀ ದಿನ ಬೀಗುವುದನ್ನು ನೋಡಿದರೆ ಅವಳಿಗೆ ವಾಕರಿಕೆ ಬರುತ್ತಿತ್ತು.

ನಾದಿನಿ ಆ ಕಾರ್ಖಾನೆಗೆ ಬಂದದ್ದು ಅತ್ತಿಗೆಯ ಕೈ ಹಿಡಿದೇ. ಗಂಡ ಬಿಟ್ಟುಹೋದ ಮೇಲೆ ಒಂದು ಟ್ರಂಕು ಹಿಡಿದು ಅಣ್ಣನ ಮನೆಗೆ ಬಂದು, ಹಜಾರದ ಮೂಲೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ಹೊಲಿಗೆ ಬರುತ್ತಿತ್ತು. ಕೆಲಸ ಕಾಯಂ ಆದರೆ ಪಕ್ಕದ ಬೀದಿಯಲ್ಲಿ ಸ್ವಂತದ್ದೊಂದು ಕೋಣೆ ಹಿಡಿಯಬೇಕು, ಬಾಗಿಲಿಗೆ ತನ್ನದೇ ಬೀಗ ಹಾಕಬೇಕು ಎನ್ನುವುದೊಂದೇ ಅವಳ ಆಸೆ. ಕಾಯಂ ಆಗುವ ಮೊದಲು ಒಂದು ದೊಡ್ಡ ಕೆಲಸ ಮಾಡಿ ತೋರಿಸಬೇಕಿತ್ತು.

ಅದು ಸಿಕ್ಕಿತು. ನಾಟಕದ ಸಭಾಂಗಣವೊಂದಕ್ಕೆ ಕಡುಗೆಂಪು ಮಖಮಲ್ಲಿನ ಪರದೆ. ಅತ್ತಿಗೆ ಪಟ್ಟಿಗಳನ್ನು ಕತ್ತರಿಸಿ ಕೊಟ್ಟಳು. ಜೋಡಿಸುವುದು ನಾದಿನಿಯ ಪಾಲು. ಮಖಮಲ್ಲಿಗೆ ಒಂದು ದಿಕ್ಕಿರುತ್ತದೆ. ಮೇಲಿನಿಂದ ಕೆಳಗೆ ಕೈಯಾಡಿಸಿದರೆ ನುಣುಪು, ಕೆಳಗಿನಿಂದ ಮೇಲಕ್ಕೆ ಒರಟು. ಎಲ್ಲ ಪಟ್ಟಿಗಳೂ ಒಂದೇ ದಿಕ್ಕಿಗಿರಬೇಕು. ಒಂದು ತಲೆಕೆಳಗಾದರೂ ಕಾರ್ಖಾನೆಯ ಟ್ಯೂಬ್‌ಲೈಟಿನಲ್ಲಿ ಏನೂ ತಿಳಿಯುವುದಿಲ್ಲ, ರಂಗದ ದೀಪ ಬಿದ್ದಾಗ ಆ ಪಟ್ಟಿ ಬೇರೆಯೇ ಬಣ್ಣವಾಗಿ ಕಾಣುತ್ತದೆ.

ಶನಿವಾರ ಮಧ್ಯಾಹ್ನ ಪರದೆ ಮುಗಿದು ಉದ್ದ ಮೇಜಿನ ಮೇಲೆ ಹರಡಿಕೊಂಡಿತ್ತು. ಅತ್ತಿಗೆ ಅದರ ಮೇಲೆ ಅಂಗೈ ಆಡಿಸುತ್ತಾ ಬಂದಳು. ನಡುವಿನ ಒಂದು ಪಟ್ಟಿಯ ಮೇಲೆ ಕೈ ತಡೆಯಿತು. ಅದು ತಲೆಕೆಳಗಾಗಿತ್ತು. ಎರಡು ಹೊಲಿಗೆ ಬಿಚ್ಚಿ ತಿರುಗಿಸಿ ಹೊಲಿದರೆ ಸಂಜೆಯೊಳಗೆ ಸರಿಯಾಗುವ ತಪ್ಪು. ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಭೇಷ್ ಸಾರ್ ಬಂದ.

“ಭೇಷ್! ಭೇಷ್! ಏನ್ ಕೈ ಕಣಮ್ಮ ನಿಂದು! ನಿನ್ನ ಮುಂದೆ ಮಷೀನೇ ನಾಚ್ಕೋಬೇಕು. ಬನ್ರೀ ಎಲ್ರೂ, ಚಪ್ಪಾಳೆ ತಟ್ಟಿ!”

ಚಪ್ಪಾಳೆ ಬಿತ್ತು. ಹೂವೂ ಏರಿತು. ನಾದಿನಿ ಹೂವನ್ನು ನೋಡಿಕೊಳ್ಳಲಿಲ್ಲ, ಭೇಷ್ ಸಾರ್ ಕಡೆಗೂ ನೋಡಲಿಲ್ಲ. ನೆಟ್ಟ ಕಣ್ಣಿನಿಂದ ಅತ್ತಿಗೆಯ ಮುಖವನ್ನೇ ನೋಡುತ್ತಿದ್ದಳು.

ಅತ್ತಿಗೆ ಬಾಯಿ ಮುಚ್ಚಿದಳು. ಈ ಮೂಢನ ಭೇಷ್‌ಗೆ ಎಷ್ಟು ಕಿಮ್ಮತ್ತು ಅಂತ ಊರಿಗೆಲ್ಲ ತಿಳಿಯಲಿ, ದೀಪದ ಬೆಳಕಿನಲ್ಲೇ ತಿಳಿಯಲಿ, ಕಾರ್ಖಾನೆಯ ಯಜಮಾನರು ಇವನ ಗ್ರಹಚಾರ ಬಿಡಿಸಲಿ ಎಂದುಕೊಂಡಳು. ಆ ಯೋಚನೆ ಎಷ್ಟು ರುಚಿಯಾಗಿತ್ತೆಂದರೆ, ನಾದಿನಿ ಎದುರಿಗೇ ನಿಂತಿದ್ದದ್ದು ಅವಳಿಗೆ ಮರೆತೇಹೋಯಿತು. ಕತ್ತರಿ ಎತ್ತಿಕೊಂಡು ತನ್ನ ಮೇಜಿಗೆ ಹೋದಳು.

ಪರದೆ ಕಟ್ಟಿದ ದಿನ ಸಭಾಂಗಣದಿಂದ ಫೋನು ಬಂತು. ಯಜಮಾನರು ಮೂವರನ್ನೂ ಕರೆದುಕೊಂಡು ಹೋದರು. ದೀಪ ಹಾಕಿದರು. ಕೆಂಪು ಪರದೆಯ ನಟ್ಟನಡುವೆ ಕಪ್ಪಗೊಂದು ಪಟ್ಟಿ, ಸುಟ್ಟ ಗುರುತಿನ ಹಾಗೆ ಮೇಲಿಂದ ಕೆಳಗಿನವರೆಗೆ ಇಳಿದಿತ್ತು. ಅತ್ತಿಗೆ ಆಸೆಯಿಂದ ಭೇಷ್ ಸಾರ್ ಮುಖ ನೋಡಿದಳು. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

“ಏನ್ ಕಣ್ಣು ಸಾರ್ ನಿಮ್ದು! ಇಷ್ಟು ದೂರದಿಂದ ಹಿಡಿದ್ಬಿಟ್ರಲ್ಲ!” ಎಂದು ಯಜಮಾನರಿಗೇ ಭೇಷ್ ಕೊಟ್ಟ. “ಹೊಸಬಳು ಸಾರ್. ಪಾಪ, ಒಳ್ಳೇ ಹುಡುಗಿ. ಹುರಿದುಂಬಿಸಿ ನೋಡಿದ್ವಿ, ಆಗ್ಲಿಲ್ಲ.”

ಮಾರನೆಯ ದಿನವೇ ನಾದಿನಿಯನ್ನು ಕೆಲಸದಿಂದ ತೆಗೆದರು. ಹೋಗುವಾಗಲೂ ಆ ದರಿದ್ರದವನು ಗೇಟಿನ ತನಕ ಬಂದು, ಅವಳ ಸೇವೆಗೆ ಕೈಮುಗಿದು ಧನ್ಯವಾದ ಹೇಳಿದ.

ಸಂಜೆ ಅತ್ತಿಗೆ ಅಡುಗೆಮನೆಯಲ್ಲಿ ಅವನ ಜನ್ಮ ಜಾಲಾಡುತ್ತಿದ್ದಳು. ನಾದಿನಿ ಹೊಸ್ತಿಲಲ್ಲಿ ಕೂತು ಕೇಳುತ್ತಿದ್ದಳು. ಮಾತಿನ ನಡುವೆ ಅತ್ತಿಗೆಯ ಬಾಯಿ ಜಾರಿತು.

“ಕೈಯಿಟ್ಟ ಕೂಡ್ಲೇ ನಂಗೆ ಗೊತ್ತಾಯ್ತು. ಆ ಕತ್ತೆಗೆ ಮುಟ್ಟಿ ನೋಡೋ ಬುದ್ಧಿಯಾದ್ರೂ ಬೇಡ್ವಾ?”

ನಾದಿನಿ ತಲೆ ಎತ್ತಿದಳು. “ಶನಿವಾರಾನೇ ಗೊತ್ತಾಯ್ತಾ?”

ಅತ್ತಿಗೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. “ಅವನು ಹಾಗೆ ಕುಣೀತಿದ್ದ... ನೀನಾದ್ರೂ ಅವನ ಮಾತು ನಂಬ್ಕೊಂಡು ಕೂತ್ಯಲ್ಲ!”

“ಅವರ ಮಾತು ಯಾರು ನಂಬ್ತಾರೆ ಅತ್ತಿಗೆ? ಸೀನಿದ್ರೂ ಭೇಷ್ ಅಂತಾರೆ.” ನಾದಿನಿಯ ದನಿಯಲ್ಲಿ ಕೋಪವೇ ಇರಲಿಲ್ಲ. “ನಾನು ನಿಮ್ಮ ಮುಖ ನೋಡ್ತಾ ಇದ್ದೆ. ಒಂದು ನೂಲು ಸೊಟ್ಟ ಇದ್ರೂ ನೀವು ಬಿಡೋರಲ್ಲ. ಅವತ್ತು ಪರದೆ ಮೇಲೆ ಕೈಯಾಡ್ಸಿ, ಏನೂ ಅನ್ದೆ ಹೋದ್ರಿ. ನಿಮ್ಮ ಕಡೆಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ಯಾರಿಗೂ ಸಿಕ್ಕಿಲ್ಲ ಅನ್ಕೊಂಡೆ. ಬಚ್ಚಲಿಗೆ ಹೋಗಿ ಖುಷಿಗೆ ಅತ್ಬಂದೆ.”

ಅವಳು ಎದ್ದು ಹಜಾರದ ಮೂಲೆಗೆ ಹೋಗಿ ಚಾಪೆ ಬಿಚ್ಚಿದಳು. ಹುಳಿಯಮ್ಮ ಒಲೆಯ ಮುಂದೆ ನಿಂತೇ ಇದ್ದಳು. ಬೈಯಲು ಅವಳಿಗೆ ಯಾರೂ ಸಿಗಲಿಲ್ಲ, ಭೇಷ್ ಸಾರ್ ಕೂಡ.