ಏಳನೆಯ ಸಾಲಿನ ವಿಭೂತಿ

ರೋಣದ ರೇಣವ್ವ ಬೆಳಿಗ್ಗೆ ಪೂಜೆ ಮುಗಿಸಿ ಹಣೆಗೆ ಮೂರು ಬೆರಳಿನ ವಿಭೂತಿ ಎಳೆದುಕೊಂಡ ಮೇಲೆ, ಬೆರಳಿಗೆ ಉಳಿದದ್ದನ್ನು ಎಂದೂ ಸೆರಗಿಗೆ ಒರೆಸಿಕೊಂಡವಳಲ್ಲ. ದೇವರದ್ದು ಪೋಲಾಗಬಾರದು. ಅದು ಬಾಗಿಲ ಚೌಕಟ್ಟಿಗೆ ಒಂದಿಷ್ಟು, ಬೀಸುವ ಕಲ್ಲಿಗೆ ಒಂದಿಷ್ಟು, ಮೊರದ ಅಂಚಿಗೆ ಒಂದಿಷ್ಟು ಹತ್ತಿ, ಕಡೆಗೆ ಹಾಸಿಗೆ ಹಿಡಿದ ಅಕ್ಕ ಸಿದ್ದವ್ವನ ಮೊಣಕಾಲಿಗೆ ಬಂದು ಮುಗಿಯುತ್ತಿತ್ತು.

"ನಾ ಏನ್ ಬೀಸೂ ಕಲ್ಲ ಏನ?" ಎಂದು ಸಿದ್ದವ್ವ ದಿನಾಲೂ ಬೈಯುವಳು.

"ಬೀಸೂ ಕಲ್ಲರ ತಿರಗತೈತಿ. ನಿನ್ನ ಮೊಣಕಾಲ ಅದೂ ಇಲ್ಲ," ಎಂದು ರೇಣವ್ವ ದಿನಾಲೂ ಹೇಳುವಳು. ಇದು ಮುಗಿಯದೆ ಆ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ.

ಐವತ್ತು ದಾಟಿದ ವಿಧವೆ ರೇಣವ್ವ. ಮಕ್ಕಳಿರಲಿಲ್ಲ. ಪೇಟೆಯಲ್ಲಿ ಅಂದಾನಪ್ಪನವರ ಕಾಳಿನ ವ್ಯಾಪಾರದ ಅಡತಿ ಅಂಗಡಿಯಲ್ಲಿ ಕಡಲೆ ಹಸನು ಮಾಡುವುದು ಅವಳ ಕೆಲಸ. ಇಪ್ಪತ್ತು ವರ್ಷ ಮೊರ ಹಿಡಿದ ಕಣ್ಣು. ಹುಳ ಬಿದ್ದ ಕಾಳು ತಾನಾಗಿ ಎದ್ದು ಬಂದು ಅವಳಿಗೆ ಶರಣು ಹೇಳುತ್ತಿತ್ತೇನೋ. ಪೇಟೆಯ ಪದ್ಧತಿ ಹೀಗಿತ್ತು: ರೈತ ಮೊದಲು ಒಂದು ಹಿಡಿ ಕಡಲೆಯನ್ನು ಬಟ್ಟೆಯಲ್ಲಿ ಕಟ್ಟಿ ತರುವನು. ಅದು ನಮೂನೆ. ಅದನ್ನು ನೋಡಿ ಸಾಹುಕಾರ ದರ ಹೇಳುವನು. ಆಮೇಲೆ ಚೀಲ ಬಿಚ್ಚಿದಾಗ ಮಾಲು ನಮೂನೆಯ ಹಾಗೆ ಇರದಿದ್ದರೆ ಬಂಡಿ ಹಾಗೆಯೇ ಊರಿಗೆ ತಿರುಗಬೇಕು. ತಕರಾರು ಬಂದರೆ ರೇಣವ್ವನನ್ನು ಕರೆಯುತ್ತಿದ್ದರು. ಅವಳು ಒಂದು ಅಂಗೈಯಲ್ಲಿ ನಮೂನೆ, ಇನ್ನೊಂದರಲ್ಲಿ ಮಾಲು ಹಿಡಿದು ನೋಡಿ "ಹೌದು" ಅಥವಾ "ಅಲ್ಲ" ಅನ್ನುವಳು. ಅಷ್ಟಕ್ಕೆ ಮುಗಿಯಿತು.

ಪಕ್ಕದ ಅಂಗಡಿಯ ಪ್ರಭುಲಿಂಗಪ್ಪ ಸಾಹುಕಾರರೂ ಅವಳನ್ನೇ ಕರೆಯುತ್ತಿದ್ದರು. "ನಮೂನಿಯೊಳಗ ಇಲ್ಲದ ಕಲ್ಲ ಚೀಲದಾಗ ಹ್ಯಾಂಗ ಬಂತಲೇ? ನಡಕೊಂತ ಬಂತೇನು?" ಎಂದು ಅವರು ಕೂಗಿದರೆ ಬಸ್ ನಿಲ್ದಾಣದವರೆಗೆ ಕೇಳುತ್ತಿತ್ತು.

ಐವತ್ಮೂರನೆಯ ಇಸವಿಯಲ್ಲಿ ಈ ಪ್ರಭುಲಿಂಗಪ್ಪನವರಿಗೆ ಒಂದು ಹೊಸ ವ್ಯಾಪಾರ ಹೊಳೆಯಿತು. ಹಳೆಯ ಬಸ್ಸೊಂದನ್ನು ಕೊಂಡು, ಗದಗಿನಲ್ಲಿ ಗುಲಾಬಿ ಬಣ್ಣದ ಹ್ಯಾಂಡ್‌ಬಿಲ್ ಅಚ್ಚು ಹಾಕಿಸಿ ಊರೂರಿಗೆ ಹಂಚಿಸಿದರು. ಎರಡು ದಿನದ ಪುಣ್ಯಯಾತ್ರೆ: ಸೂಡಿ, ಗಜೇಂದ್ರಗಡದ ಕಾಲಕಾಲೇಶ್ವರ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ. ಒಂದರ ಕೆಳಗೊಂದು ಏಳು ಸಾಲು. ಕೂಡಲಸಂಗಮದ ಸಾಲು ಮಾತ್ರ ದಪ್ಪ ಅಕ್ಷರದಲ್ಲಿತ್ತು, ಯಾಕೆಂದರೆ ಮಂದಿ ರೊಕ್ಕ ಕೊಟ್ಟದ್ದೇ ಅದಕ್ಕಾಗಿ.

ರೇಣವ್ವನೂ ಕೊಟ್ಟಳು. ಹೊರಡುವ ದಿನ ಸಿದ್ದವ್ವ ದಿಂಬಿನ ಕೆಳಗಿಂದ ಒಂದು ತಾಮ್ರದ ಗಿಂಡಿ ತೆಗೆದಳು.

"ನನ್ನ ಕಾಲ ಅಂತೂ ಸಂಗಮ ಮುಟ್ಟೂದಿಲ್ಲ. ಸಂಗಮರ ನನ್ನ ಕಾಲ ಮುಟ್ಟಲಿ. ತುಂಬಕೊಂಡ ಬಾ. ಮರತಿ ಅಂದ್ರ ಮನಿಯೊಳಗ ಬರಬ್ಯಾಡ."

ಮಾಘಮಾಸದ ಒಂದು ಮುಂಜಾನೆ ಬಸ್ಸು ಹೊರಟಿತು. ಮೂವತ್ತೆರಡು ಜನ ಕೂರುವಲ್ಲಿ ಸುತ್ತಲಿನ ಸವಡಿ, ಅಸೂಟಿಯವರೆಲ್ಲ ಸೇರಿ ನಲವತ್ನಾಲ್ಕು ಜನ; ಮೇಲೆ ಅವರ ರೊಟ್ಟಿ ಬುತ್ತಿ. ರೇಣವ್ವನಿಗೆ ಓದು ಬರುತ್ತಿರಲಿಲ್ಲ. ಆದ್ದರಿಂದ ಅವಳು ಪ್ರತಿ ಗುಡಿಯಲ್ಲಿ ಕೈಮುಗಿದು, ಅಲ್ಲಿಯ ವಿಭೂತಿ ಹಚ್ಚಿಕೊಂಡು, ಬೆರಳಿಗೆ ಉಳಿದದ್ದನ್ನು ಒರೆಸುವ ಮೊದಲು ಹ್ಯಾಂಡ್‌ಬಿಲ್ ಹಿಡಿದು ಡ್ರೈವರ್ ಮೈನುದ್ದೀನನ ಹತ್ತಿರ ಹೋಗುವಳು.

"ತಮ್ಮಾ, ಈ ದೇವರು ಯಾವ ಸಾಲಿನ್ಯಾಗ ಅದಾನ?"

ಮೈನುದ್ದೀನ ಬೀಡಿ ಬಾಯಿಂದ ತೆಗೆದು, ಸಾಲು ಹುಡುಕಿ, "ಇಲ್ಲಿ ನೋಡಬೇ ಯವ್ವಾ," ಎಂದು ಬೆರಳಿಡುವನು. ರೇಣವ್ವ ಅಲ್ಲಿ ವಿಭೂತಿ ಒತ್ತುವಳು. ಬನಶಂಕರಿಯಲ್ಲಿ ಕುಂಕುಮವಾಯಿತು, ಅದನ್ನೂ ಒತ್ತಿದಳು. ಐಹೊಳೆ ಮುಗಿಯುವಷ್ಟರಲ್ಲಿ ಕಾಗದದ ಮೇಲೆ ಆರು ದೇವರು ಸಾಲಾಗಿ ಕುಳಿತಿದ್ದರು.

ಅಲ್ಲಿಗೆ ಬಸ್ಸು ರೋಣದ ಕಡೆಗೆ ಮೂತಿ ತಿರುಗಿಸಿತು. "ಹೊಳಿ ತುಂಬಿ ಬಂದೈತಂತ. ಸಂಗಮದ ದಾರಿ ಬಂದ್," ಎಂದು ಸಾಹುಕಾರರ ಗುಮಾಸ್ತ ಸಾರಿದ. ಮಳೆ ನಿಂತು ಮೂರು ತಿಂಗಳಾಗಿತ್ತು.

"ಯಾವ ಮಳಿಗೆ ತುಂಬಿತೋ ಮಾರಾಯಾ?" ಎಂದು ಅಸೂಟಿಯ ಹಾಲಸಿದ್ದಪ್ಪ ಕೇಳಿದ.

"ಮ್ಯಾಲಿನ ಸೀಮ್ಯಾಗ ಆಗಿರಬೇಕು," ಎಂದ ಗುಮಾಸ್ತ.

ಬುತ್ತಿಯ ರೊಟ್ಟಿ ತೀರಿತ್ತು, ಮಂದಿ ದಣಿದಿದ್ದರು. ಗೊಣಗುತ್ತಲೇ ನಿದ್ದೆ ಹೋದರು. ರೇಣವ್ವನೊಬ್ಬಳು ಖಾಲಿ ಗಿಂಡಿಯನ್ನು ಮಡಿಲಲ್ಲಿಟ್ಟುಕೊಂಡು ಎಚ್ಚರವಾಗಿ ಕೂತಳು.

ಮನೆಯಲ್ಲಿ ಸಿದ್ದವ್ವ ಗಿಂಡಿಯನ್ನು ಬೋರಲು ಹಾಕಿ ಅಲುಗಾಡಿಸಿದಳು. "ಗಾಳಿ ತುಂಬಕೊಂಡ ಬಂದೀಯಲ್ಲ! ಸಂಗಮದ ಗಾಳಿ ಆದರೂ ಹೌದೋ ಅಲ್ಲೋ?" ಎಂದಳು. ಆಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಮರುದಿನ ಬೆಳಿಗ್ಗೆ ಮೊಣಕಾಲಿಗೆ ವಿಭೂತಿ ಹಚ್ಚಿದಾಗ ಬೈಯಲಿಲ್ಲ. ಬೈಗುಳಕ್ಕೆ ಎಂದೂ ಜಗ್ಗದ ರೇಣವ್ವನಿಗೆ ಆ ಮೌನ ತಡೆಯಲಾಗಲಿಲ್ಲ.

ಮಾಮಲೇದಾರ ಕಚೇರಿಯ ಮುಂದೆ ಬೇವಿನ ಗಿಡದ ಕೆಳಗೆ ಅರ್ಜಿ ಬರೆಯುವ ಮುರ್ತುಜಾಸಾಬ ಕೂತಿರುತ್ತಿದ್ದ. ರೇಣವ್ವ ಹ್ಯಾಂಡ್‌ಬಿಲ್ ಅವನ ಮುಂದಿಟ್ಟು ನಡೆದದ್ದನ್ನೆಲ್ಲ ಹೇಳಿದಳು. ಅವನು ಅದನ್ನು ಮೊದಲಿನಿಂದ ಕಡೆಯವರೆಗೆ, ಅಚ್ಚುಕೂಟದ ಹೆಸರನ್ನೂ ಬಿಡದೆ ಓದಿದ.

"ಯವ್ವಾ, ಕೆಳಗ ಇರುವಿ ಹರದಂಗ ಸಣ್ಣ ಅಕ್ಷರ ಅದಾವು. 'ಅನಿವಾರ್ಯ ಕಾರಣದಿಂದ ಯಾತ್ರೆಯಲ್ಲಿ ಬದಲಾವಣೆ ಆಗಬಹುದು.'"

"ಅಂದ್ರ ನಾ ಸೋತ್ನೇನ್ರಿ ಸಾಬ್ರ?"

"ಹೊಳಿ ತುಂಬಿದ್ದು ಖರೇ ಇದ್ರ ಸೋತಿ. ಸುಳ್ಳ ಇದ್ರ ಗೆದ್ದಿ. ಅಚ್ಚ ಹಾಕಿಸಿ ಹೇಳ್ಯಾರ, ನೀ ಅದನ್ನ ನಂಬಿ ರೊಕ್ಕಾ ಕೊಟ್ಟೀ. ಇದು ಕರಾರು. ಏಳು ಅಂದವರು ಏಳೂ ತೋರಿಸಬೇಕು. ಮತ್ತ ಪರ್ಮಿಟ್ ಮೂವತ್ತೆರಡು ಮಂದೀದು. ನಲವತ್ನಾಕ ತುಂಬಿದ್ದು ಮೋಟಾರ್ ಕಚೇರಿಗೆ ಗೊತ್ತಾದ್ರ ಬಸ್ಸ ಅಲ್ಲೇ ಕುಂದರತೈತಿ." ಅವನು ಲೇಖನಿಯನ್ನು ಕಿವಿಗೆ ಸಿಕ್ಕಿಸಿಕೊಂಡ. "ಆದ್ರ ಮೊದಲ ಬಾಯಿಲೇ ಕೇಳು. ಬಾಯಿಗೆ ಖರ್ಚಿಲ್ಲ. ನನ್ನ ಲೇಖನಿಗೆ ಐತಿ."

ಅವಳು ಬಸ್ಸಿನ ಹತ್ತಿರ ಹೋಗಿ ಮೈನುದ್ದೀನನನ್ನು ಕೇಳಿದಳು. ಅವನು ಆಚೀಚೆ ನೋಡಿ, "ಹೊಳಿ ನಾ ನೋಡಿಲ್ಲಬೇ ಯವ್ವಾ. ಆದ್ರ ಮರುದಿನ ಇದ ಬಸ್ಸಿನ್ಯಾಗ ನರಗುಂದಕ್ಕ ಮದವಿ ದಿಬ್ಬಣ ಒಯ್ದಿದ್ದು ನಾನ. ಸುಳ್ಳ ಹೇಳಂಗಿಲ್ಲ," ಎಂದ.

ರೇಣವ್ವ ಸಂತೆಯ ದಿನದವರೆಗೆ ಕಾದಳು.

ಸಂತೆಯ ದಿನ ಪ್ರಭುಲಿಂಗಪ್ಪನವರ ಅಂಗಡಿಯ ಮುಂದೆ ಬಂಡಿಗಳು ಒತ್ತಾಗಿ ನಿಂತಿದ್ದವು. ಅಸೂಟಿಯ ಹಾಲಸಿದ್ದಪ್ಪನ ಕಡಲೆ ಚೀಲ ಬಿಚ್ಚಿತ್ತು. ಸಾಹುಕಾರರ ಗಂಟಲೂ ಬಿಚ್ಚಿತ್ತು. "ನಮೂನಿ ಬ್ಯಾರೆ, ಮಾಲ ಬ್ಯಾರೆ! ಕರೀರಿ ರೇಣವ್ವನ್ನ!"

ರೇಣವ್ವ ಬಂದು ಎರಡೂ ಅಂಗೈ ತುಂಬಿ ನೋಡಿದಳು. ಮಾಲಿನಲ್ಲಿ ಕಲ್ಲಿತ್ತು. ಹಾಲಸಿದ್ದಪ್ಪ ಯಾತ್ರೆಯಲ್ಲಿ ಪಕ್ಕದಲ್ಲೇ ಕೂತು ಅವಳ ಚಟ್ನಿ ತಿಂದವನು. ಆಸೆಯಿಂದ ಅವಳ ಮುಖ ನೋಡಿದ.

"ಅಲ್ಲ," ಎಂದಳು ರೇಣವ್ವ. "ಮಾಲ ನಮೂನಿ ಹಂಗ ಇಲ್ಲ. ತಿರಗಿ ಒಯ್ಯೋ ಹಾಲಸಿದ್ದಪ್ಪಾ."

"ಕೇಳಿದ್ರಲ್ಲ!" ಎಂದರು ಸಾಹುಕಾರರು. "ರೇಣವ್ವನ ಮಾತು ಅಂದ್ರ ದೇವರ ಮಾತು. ತೋರಿಸಿದ್ದೊಂದು, ಕೊಡೂದೊಂದು, ಇದು ನನ್ನ ಅಂಗಡ್ಯಾಗ ನಡಿಯೂದಿಲ್ಲ!"

"ಹಂಗಾರ ಇದನ್ನೂ ನೋಡ್ರಿ ಸಾವಕಾರ್ರ," ಎಂದು ರೇಣವ್ವ ಸೆರಗಿನ ಗಂಟಿನಿಂದ ಗುಲಾಬಿ ಕಾಗದ ತೆಗೆದಳು. "ಇದು ನೀವು ಕೊಟ್ಟ ನಮೂನಿ. ಏಳ ಸಾಲು. ಮಾಲ ಆರ ಬಂತು. ದಪ್ಪ ಕಾಳ ಇತ್ತಲ್ಲ, ಅದನ ಕಾಣವಲ್ಲದು."

ಬಂಡಿಯವರು ಒಬ್ಬೊಬ್ಬರಾಗಿ ಹತ್ತಿರ ಸರಿದರು. ಅವರಲ್ಲಿ ಅರ್ಧ ಮಂದಿ ಅದೇ ಬಸ್ಸಿನಲ್ಲಿ ಹೋಗಿಬಂದವರು. ಸಾಹುಕಾರರು ಕೆಂಪಾದರು. "ಏನಿದು ಹುಚ್ಚ ಕಾಗದ!" ಎಂದು ಅದನ್ನು ಕಸಿದುಕೊಂಡು ಹರಿಯಲು ಎರಡೂ ಕೈ ಹಚ್ಚಿದರು. ಆಗ ಅವರ ಕಣ್ಣಿಗೆ ವಿಭೂತಿ ಬಿತ್ತು. ಕಾಲಕಾಲೇಶ್ವರನ ವಿಭೂತಿ, ಬನಶಂಕರಿಯ ಕುಂಕುಮ, ಮಹಾಕೂಟದ ವಿಭೂತಿ. ಅವರ ಹಣೆಯ ಮೇಲೂ ಮೂರು ಗೆರೆ ಇದ್ದವು. ಎದೆಯ ಮೇಲೆ ಲಿಂಗವಿತ್ತು. ಸಂತೆಯೆಲ್ಲ ನೋಡುತ್ತಿತ್ತು. ಹರಿಯಲು ಹೋದ ಕೈ ನಿಧಾನವಾಗಿ ಮೇಲೆ ಬಂದು ಕಾಗದವನ್ನು ಬಲಗಣ್ಣಿಗೆ, ಎಡಗಣ್ಣಿಗೆ ಒತ್ತಿಕೊಂಡಿತು. ಒತ್ತಿಕೊಂಡ ಮೇಲೆ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅವರು ಎರಡು ಕೈಯಿಂದ ರೇಣವ್ವನಿಗೇ ತಿರುಗಿ ಕೊಟ್ಟರು.

"ಕೆಳಗ ಬರದೈತಿ ನೋಡವಾ, ಅನಿವಾರ್ಯ ಕಾರಣ," ಎಂದರು ದನಿ ಇಳಿಸಿ.

"ಹೌದ್ರಿ, ಓದಿಸೀನಿ. ನರಗುಂದದ ಮದವಿ ಅನಿವಾರ್ಯ ಏನ್ರಿ?"

"ಮದಿಮಗಗ ಅನಿವಾರ್ಯ ಇತ್ತೇಳು!" ಎಂದು ಹಾಲಸಿದ್ದಪ್ಪ ಬಂಡಿಯ ಮೇಲಿಂದ ಕೂಗಿದ. ಕಡಲೆ ತಿರುಗಿದ ದುಃಖ ಅವನಿಗೆ ಪೂರ್ತಿ ಮರೆತಿತ್ತು.

ನಗು ಇಳಿಯುವ ತನಕ ಸಾಹುಕಾರರು ತಕ್ಕಡಿ ಒರೆಸಿದರು. ಆಮೇಲೆ, "ನಿನಗ ನೀರ ಬೇಕಲ್ಲಾ ರೇಣವ್ವಾ? ನಮ್ಮ ದೇವರ ಮನ್ಯಾಗ ಸಂಗಮದ ನೀರ ಒಂದ ಬಾಟ್ಲಿ ಐತಿ. ಒಯ್ಯಿ," ಎಂದರು.

"ಅದೂ ನಮೂನೀನ ಆತಲ್ರಿ. ಮಾಲ ಹೊಳ್ಯಾಗ ಐತಿ." ರೇಣವ್ವ ಕಾಗದ ಮಡಿಸಿದಳು. "ಮುರ್ತುಜಾಸಾಬ್ರು ಇನ್ನೊಂದ ಕೇಳಂದಾರ. ಪರ್ಮಿಟ್ ಮೂವತ್ತೆರಡರದೋ ನಲವತ್ನಾಕರದೋ?"

ಪ್ರಭುಲಿಂಗಪ್ಪನವರು ಲೆಕ್ಕದಲ್ಲಿ ಜಾಣರು. ಮುಂದಿನ ವಾರವೇ ಬಸ್ಸು ಹೊರಟಿತು, ನೆಟ್ಟಗೆ ಕೂಡಲಸಂಗಮಕ್ಕೆ, ಒಂದಲ್ಲ ಎರಡು ಸಲ. ಪ್ರತಿ ಸಲವೂ ಮೂವತ್ತೆರಡರ ಒಳಗೇ ಮಂದಿ. ರೊಕ್ಕ ಯಾರೂ ಕೊಡಲಿಲ್ಲ, ಯಾರೂ ಕೇಳಲಿಲ್ಲ. ಹೊಳೆ ಮೊಣಕಾಲು ಮಟ್ಟ ಹರಿಯುತ್ತಿತ್ತು. ರೇಣವ್ವ ಎರಡು ನೀರು ಕೂಡುವ ಜಾಗ ಯಾವುದೆಂದು ಅಂಬಿಗನನ್ನು ಕೇಳಿ ಖಾತ್ರಿ ಮಾಡಿಕೊಂಡು, ಅಲ್ಲಿಯೇ ಗಿಂಡಿ ಮುಳುಗಿಸಿದಳು. ಸಂಗಮನಾಥನ ವಿಭೂತಿ ಹಚ್ಚಿಕೊಂಡು ಮೈನುದ್ದೀನನ ಕಡೆಗೆ ತಿರುಗಿದಾಗ, ಅವಳು ಕೇಳುವ ಮೊದಲೇ ಅವನು ಏಳನೆಯ ಸಾಲಿಗೆ ಬೆರಳಿಟ್ಟಿದ್ದ.

ಸಿದ್ದವ್ವ ಮೊದಲು ನೀರಿನ ವಾಸನೆ ನೋಡಿದಳು, ಆಮೇಲೆ ಒಂದು ಹನಿ ನಾಲಿಗೆಗೆ ಹಾಕಿಕೊಂಡಳು. "ನಮ್ಮ ಬಾವಿ ನೀರಿನಂಗನ ಐತಲ್ಲ!"

"ಖರೇ ಸಂಗಮದ್ದಬೇ. ನನ್ನ ಕೈಯಾರೆ ತುಂಬೀನಿ."

"ನೀ ಅಂದ್ರ ಹೌದೇಳು." ಸಿದ್ದವ್ವ ಸೀರೆ ಸರಿಸಿ ಮೊಣಕಾಲು ಮುಂದೆ ಮಾಡಿದಳು. ರೇಣವ್ವ ನೀರು ಹಚ್ಚಿದಳು. ಸಿದ್ದವ್ವ ಕೂಡಲೇ, "ತಣ್ಣಗ ಕೊರೀತೈತಿ, ಬೆಚ್ಚಗ ಮಾಡಿ ತರಬೇಕಂತ ತಿಳೀಲಿಲ್ಲೇನು?" ಎಂದು ಬೈದಳು. ಮನೆಯಲ್ಲಿ ಮತ್ತೆ ಬೈಗುಳ ಬಂತೆಂದು ರೇಣವ್ವ ಮನಸ್ಸಿನಲ್ಲೇ ಸಂಗಮನಾಥನಿಗೆ ಶರಣು ಹೇಳಿದಳು.

ಮುಂದಿನ ಸುಗ್ಗಿಗೆ ಪ್ರಭುಲಿಂಗಪ್ಪನವರು ಉಳವಿ ಯಾತ್ರೆಯ ಹ್ಯಾಂಡ್‌ಬಿಲ್ ಅಚ್ಚು ಹಾಕಿಸಿದರು. ಈ ಸಲ ಹಳದಿ ಕಾಗದ, ಐದೇ ಸಾಲು. ಒಂದು ಮಧ್ಯಾಹ್ನ ಅವರೇ ಅಂದಾನಪ್ಪನವರ ಅಂಗಡಿಗೆ ಬಂದು, ರೇಣವ್ವನ ಮೊರದ ಪಕ್ಕ ಕುಕ್ಕರಗಾಲಿನಲ್ಲಿ ಕೂತರು.

"ರೇಣವ್ವಾ, ಇನ್ನ ಮ್ಯಾಲೆ ನನ್ನ ಬಸ್ಸಿನ್ಯಾಗ ನಿನಗ ರೊಕ್ಕಾ ಇಲ್ಲ. ಎಲ್ಲಾ ಯಾತ್ರಿಗೂ ಬಾ. ಮುಂದಿನ ಸೀಟ, ಡ್ರೈವರನ ಬಾಜೂಕ. ನೀ ಬಂದಿ ಅಂದ್ರ ಮಂದಿ ನಂಬತಾರ." ಅವರು ಸುತ್ತ ನೋಡಿ ಮೆಲ್ಲಗೆ ಸೇರಿಸಿದರು. "ಕಾಗದ ಒಂದ ಮನ್ಯಾಗ ಬಿಟ್ಟ ಬಾ."

ರೇಣವ್ವ ಮೊರ ಕೇರುವುದನ್ನು ನಿಲ್ಲಿಸಲಿಲ್ಲ.

"ಬ್ಯಾಡ್ರಿ ಸಾವಕಾರ್ರ. ಮುಂದಿನ ಸೀಟಿನ್ಯಾಗ ಬೀಡಿ ವಾಸನಿ ಭಾಳ. ಮತ್ತ ಪುಕ್ಕಟೆ ಕುಂತಾಕಿ ಬಾಯಿ ಮುಚ್ಚಿಕೊಂಡ ಕುಂದರಬೇಕಾಗತೈತಿ, ಅದು ನನಗ ಆಗೂದಿಲ್ಲ. ಎಲ್ಲಾರ ಹಂಗ ರೊಕ್ಕಾ ಕೊಟ್ಟ ಹಿಂದ ಕುಂದರತೀನಿ." ಮೊರ ಕೆಳಗಿಟ್ಟು, ಬಲಗೈ ಒರೆಸಿಕೊಂಡು ಚಾಚಿದಳು. "ಆ ಹಳದಿ ಕಾಗದ ಒಂದ ಇತ್ತ ಕೊಡ್ರಿ."